ಆಕಿಗೆ ದುಬಾರಿ ಬೋರ್ಡು, ನನಗ ಅಗ್ಗದ್ದು

"ಈ ಬೋರ್ಡಿಗೆ ಕೈ ಹಚ್ಚಿದವರು ಯಾರ್ರಿ?"

ಕಣ್ಣಿಗೆ ಹಿಡಿದಿದ್ದ ಭೂತಗನ್ನಡಿ ಕೆಳಗಿಟ್ಟು ದುರುಗೇಶ ಕೇಳಿದ. ದನಿಯಲ್ಲಿ ಸಿಟ್ಟಿರಲಿಲ್ಲ. ಆದರೂ ಹಂಪವ್ವನಿಗೆ ಸಾಲಿಯಲ್ಲಿ ಮಾಸ್ತರ ಎದುರು ನಿಂತಂತಾಯಿತು.

"ನಾನ," ಅಂದಳು.

ಅವನು ಕಂಪ್ಯೂಟರಿನ ಬೋರ್ಡನ್ನು ಬೆಳಕಿಗೆ ಹಿಡಿದು ತೋರಿಸಿದ. ಪ್ರೊಸೆಸರ್ ಕೂಡುವ ಚೌಕದೊಳಗೆ ಕೂದಲೆಳೆಯಂಥ ನೂರಾರು ಪಿನ್ನುಗಳು ನೆಟ್ಟಗೆ ನಿಂತಿದ್ದವು. ಒಂದು ಮೂಲೆಯಲ್ಲಿ ಮಾತ್ರ ಗಾಳಿಗೆ ಬಿದ್ದ ಭತ್ತದ ಹಾಗೆ ಅಡ್ಡಡ್ಡ ಮಲಗಿದ್ದವು. ಎರಡು ಮುರಿದೇ ಹೋಗಿದ್ದವು.

"ಎದರಿಂದ ಒತ್ತಿದ್ರಿ?"

"ಹೆಬ್ಬಟ್ಟಿಂದ."

ಹಿಂದಿನಿಂದ ಕಿಸಕ್ಕನೆ ಒಂದು ನಗು ಕೇಳಿಸಿತು.

ಗಂಗಾವತಿ ಬಸ್ ನಿಲ್ದಾಣದ ಹಿಂದಿನ ಓಣಿಯ ಆ ರಿಪೇರಿ ಅಂಗಡಿಯಲ್ಲಿ ಇದ್ದದ್ದು ಒಂದೇ ಕುರ್ಚಿ. ಅದರಲ್ಲಿ ಒಬ್ಬ ಹುಡುಗಿ ಚಹಾದ ಲೋಟ ಹಿಡಿದು, ಕಾಲ ಮೇಲೆ ಕಾಲು ಹಾಕಿಕೊಂಡು, ಅಂಗಡಿ ತನ್ನದೇ ಅನ್ನುವ ಹಾಗೆ ಕೂತಿದ್ದಳು.

"ದುರುಗ್ಯಾ, ಪಾಪ, ಭಾಳ ಅಂಜಿಸಬ್ಯಾಡೋ ಅವರ್ನ," ಅಂದಳು.

ದುರುಗ್ಯಾ...! ಮೂವತ್ತರ ಹತ್ತಿರದ ಗಂಡಸು, ಅಂಗಡಿಯ ಮಾಲೀಕ. ಅಷ್ಟು ಸಲಿಗೆಯಿಂದ ಕರೆಯಬೇಕಾದರೆ ಇವಳು ಇವನಿಗೆ ಏನಾಗಬೇಕು?

ತನಗೆ ಆ ಪ್ರಶ್ನೆ ಯಾಕೆ ಬಂತು ಅಂತ ಹಂಪವ್ವನಿಗೇ ತಿಳಿಯಲಿಲ್ಲ. ಅವನನ್ನು ನೋಡಿ ಇನ್ನೂ ಹತ್ತು ನಿಮಿಷ ಆಗಿರಲಿಲ್ಲ.

ಹಂಪವ್ವ ಗಂಗಾವತಿ ಹತ್ತಿರದ ಮರಳಿ ಅನ್ನುವ ಊರಿನವಳು. ಬಿ.ಕಾಂ. ಮುಗಿಸಿ ಊರಲ್ಲೇ ಪಂಚಾಯ್ತಿ ಪಕ್ಕದ ಒಂದು ಕೋಣೆಯಲ್ಲಿ ಆನ್‌ಲೈನ್ ಸೆಂಟರ್ ಇಟ್ಟುಕೊಂಡಿದ್ದಳು. ಪಹಣಿ, ಪಿಂಚಣಿ ಅರ್ಜಿ, ಮಕ್ಕಳ ಸ್ಕಾಲರ್‌ಶಿಪ್... ಊರಿನ ಕಾಗದಪತ್ರವೆಲ್ಲ ಅವಳ ಒಂದೇ ಒಂದು ಹಳೇ ಕಂಪ್ಯೂಟರಿನ ಮೂಲಕ ಹೋಗಬೇಕು. ಅಪ್ಪ ಇಲ್ಲ. ಅವ್ವ ಹನುಮಂತಮ್ಮ ನಾಟಿ, ಕಳೆ ಅಂತ ಕಂಡವರ ಗದ್ದೆಗೆ ಹೋಗುತ್ತಿದ್ದಳು. ಸೆಂಟರ್ ನಡೆದರೆ ಅವ್ವನನ್ನು ಕೆಸರಿನಿಂದ ಮೇಲೆ ಕೂರಿಸಬಹುದು ಅನ್ನುವುದು ಮಗಳ ಆಸೆ.

ಹೋದ ವಾರ ಕರೆಂಟ್ ಏರುಪೇರಾಗಿ ಕಂಪ್ಯೂಟರಿನ ಮದರ್‌ಬೋರ್ಡ್ ಸುಟ್ಟಿತು. ಮೊಬೈಲಿನಲ್ಲಿ ಎಲ್ಲಕ್ಕಿಂತ ಅಗ್ಗದ ಬೋರ್ಡೊಂದನ್ನು ತರಿಸಿ, ವಿಡಿಯೋ ನೋಡಿಕೊಂಡು ತಾನೇ ಜೋಡಿಸಲು ಹೋಗಿದ್ದಳು. ಅದರ ಫಲ ಈಗ ದುರುಗೇಶನ ಕೈಯಲ್ಲಿತ್ತು. ಸ್ಕಾಲರ್‌ಶಿಪ್ ಅರ್ಜಿಗೆ ಉಳಿದದ್ದು ಹನ್ನೆರಡು ದಿನ.

ಅವನು ಪ್ರೊಸೆಸರನ್ನು ಬೇರೊಂದು ಬೋರ್ಡಿಗೆ ಹಾಕಿ ನೋಡಿದ. ಚಲೋ ಇತ್ತು. ರ್‍ಯಾಮ್ ಕೂಡ ಬದುಕಿತ್ತು.

ಅಂಗಡಿಯ ಮೇಲಿನ ಹಲಗೆಯಲ್ಲಿ ಬಣ್ಣಬಣ್ಣದ ದೊಡ್ಡ ಡಬ್ಬಿಗಳು ಹೊಳೆಯುತ್ತಿದ್ದವು. ಕಂತಿನಲ್ಲಾದರೂ ಸರಿ, ಒಳ್ಳೆಯದನ್ನೇ ಒಯ್ಯೋಣ ಅಂದುಕೊಂಡು ಹಂಪವ್ವ ಅದರತ್ತ ಬೆರಳು ಮಾಡಿದಳು.

"ಅವು ಬ್ಯಾಡ್ರಿ. ಅವು ಶ್ವೇತಾಗ ತರಿಸಿದ್ದು," ಅಂದ ದುರುಗೇಶ, ಕುರ್ಚಿಯವಳ ಕಡೆ ನೋಡಿ. ಆಮೇಲೆ ಕೆಳಗಿನ ಖಾನೆಯಿಂದ ಒಂದು ತೆಳ್ಳನೆಯ ಡಬ್ಬಿ ತೆಗೆದ. "ನಿಮಗ ಇದು ಸಾಕು."

ನಿಮಗೆ ಇದು ಸಾಕು!

ಯಾಕೆ ಸಾಕು ಅಂತ ಅವನು ಬಿಡಿಸಿಯೇ ಹೇಳಿದ. ದುಬಾರಿ ಬೋರ್ಡು ಒಯ್ದರೆ ಅವಳ ಹಳೇ ಪ್ರೊಸೆಸರ್ ಅದಕ್ಕೆ ಕೂಡುವುದಿಲ್ಲ, ರ್‍ಯಾಮೂ ಕೂಡುವುದಿಲ್ಲ, ಎಲ್ಲವನ್ನೂ ಹೊಸದಾಗಿ ಕೊಳ್ಳಬೇಕಾಗುತ್ತದೆ. ಈ ಅಗ್ಗದ ಬೋರ್ಡಿನಲ್ಲಿ ಇದ್ದದ್ದೆಲ್ಲ ಹಾಗೇ ಕೂಡುತ್ತದೆ, ಅರ್ಜಿ ತುಂಬುವ ಕೆಲಸಕ್ಕೆ ಬೇಕಾದ್ದಕ್ಕಿಂತ ಹೆಚ್ಚೇ ಓಡುತ್ತದೆ. ಅವಳ ಪಾಲಿಗೆ ಅದಕ್ಕಿಂತ ಒಳ್ಳೆಯ ಮಾತು ಇರಲಿಲ್ಲ.

ಆದರೆ ಹಂಪವ್ವನ ಕಿವಿಯಲ್ಲಿ ನಿಂತದ್ದು ಒಂದೇ. ಆಕಿಗೆ ದುಬಾರಿದು. ನನಗ ಅಗ್ಗದ್ದು.

ಬೋರ್ಡ್ ಸುಡುವ ಮೊದಲು ಕಂಪ್ಯೂಟರಿನ ತಗಡು ಮುಟ್ಟಿದರೆ ಜುಮ್ಮೆನ್ನುತ್ತಿತ್ತು ಅಂತ ಅವಳು ಹೇಳಿದ್ದೇ, ದುರುಗೇಶನ ಮುಖ ಗಂಭೀರವಾಯಿತು. ಹೆಚ್ಚಿನ ಕರೆಂಟನ್ನು ನೆಲಕ್ಕಿಳಿಸುವ ಅರ್ಥಿಂಗ್ ಸರಿಯಿಲ್ಲ, ಹಾಗೇ ಹಾಕಿದರೆ ಇದೂ ಸುಡುತ್ತದೆ, ನಾಡಿದ್ದು ತಾನೇ ಮರಳಿಗೆ ಬಂದು ಎಲ್ಲ ಸರಿಮಾಡಿ ಕೂರಿಸಿ ಕೊಡುತ್ತೇನೆ ಅಂದ.

ಬಂದ. ಬೆಳಿಗ್ಗೆ ಒಂಬತ್ತಕ್ಕೇ ಬಂದು ಸೆಂಟರಿನ ಹಿಂದೆ ಗುಂಡಿ ತೋಡಿ, ಕಬ್ಬಿಣದ ರಾಡು ಇಳಿಸಿ, ಸುತ್ತ ಉಪ್ಪು, ಇದ್ದಿಲು ಸುರಿದು ಮುಚ್ಚಿದ. ಹನುಮಂತಮ್ಮ ಕೊಡದಲ್ಲಿ ನೀರು ತಂದು ಹೊಯ್ದಳು. ಒಗ್ಗರಣಿ ಮಂಡಕ್ಕಿ, ಮಿರ್ಚಿ ಮಾಡಿ ಕೊಟ್ಟಳು. ಕೈ ತೊಳೆದು ಬಂದವನು ಡಬ್ಬಿ ತೆಗೆದಾಗ ಹಂಪವ್ವ ನೋಡಿದಳು. ಅದರ ಸೀಲ್ ಒಡೆದಿತ್ತು.

ಅವಳು ಕೇಳುವ ಮೊದಲೇ ಅವನು ಹೇಳಿದ. "ನಾನ ಒಡದೀನ್ರಿ. ನಿನ್ನೆ ಮುಂಜಾನಿಂದ ಸಂಜಿತನಕ ಅಂಗಡ್ಯಾಗ ಹಚ್ಚಿಟ್ಟು ನೋಡೀನಿ. ಇಲ್ಲಿ ಬಂದಮ್ಯಾಲೆ ಕೈ ಕೊಟ್ರ ಹುಡುಗೂರ ಅರ್ಜಿ ನಿಲ್ಲತಾವಲ್ಲ."

ತನ್ನೂರಿನ ಹುಡುಗರ ಅರ್ಜಿಯ ಚಿಂತೆ ಇವನಿಗೆ! ಹಂಪವ್ವ ತಲೆ ತಗ್ಗಿಸಿದಳು. ಎದೆಯಲ್ಲಿ ಏನೋ ಮೆತ್ತಗಾಯಿತು.

ಬೋರ್ಡನ್ನು ಮೇಜಿನ ಮೇಲಿಟ್ಟು, ಪ್ರೊಸೆಸರನ್ನು ಅವಳ ಕೈಗೇ ಕೊಟ್ಟ. ಬೇಡ, ಮತ್ತೆ ಮುರೀತೀನಿ ಅಂದಳು. ಅವನು ಕೇಳಲಿಲ್ಲ. ಮೂಲೆಯ ಗುರುತಿಗೆ ಗುರುತು ಕೂಡಿಸಲು ತೋರಿಸಿದ.

"ಒತ್ತಬ್ಯಾಡ್ರಿ. ಬಿಟ್ಟರ ಸಾಕು, ತಾನ ಕೂಡತೈತಿ."

ಬಿಟ್ಟಳು. ಕೂತಿತು. ಬಗ್ಗಿದ ಇಬ್ಬರ ತಲೆಗಳೂ ಎಷ್ಟು ಹತ್ತಿರ ಇದ್ದವೆಂದರೆ, ಅವನ ಅಂಗಿಗೆ ಹತ್ತಿದ ಇದ್ದಿಲ ವಾಸನೆ ಅವಳಿಗೆ ಬರುತ್ತಿತ್ತು. ಬಿಸಿ ಇಳಿಸುವ ಅಕ್ಕಿಕಾಳಿನಷ್ಟು ಪೇಸ್ಟು, ಅದರ ಮೇಲೆ ಫ್ಯಾನು, ತಗಡಿನೊಳಗೆ ಬೋರ್ಡು, ಒಂದೊಂದೇ ವಾಯರು... ಮಧ್ಯಾಹ್ನದ ಹೊತ್ತಿಗೆ ಪರದೆ ಬೆಳಗಿತು.

ಆಗಲೇ ಅವನ ಫೋನು ಬಂತು. ಮೇಜಿನ ಮೇಲಿದ್ದ ಫೋನಿನಲ್ಲಿ ಹೆಸರು ಕಂಡಿತು. ಶ್ವೇತಾ.

ಅವನು ಹೊರಗೆ ಹೋಗಿ ಮಾತಾಡಿದ. ಗೋಡೆಯಾಚೆಯಿಂದ ನಗು ಕೇಳಿಸಿತು. 'ನೀ ಬಾ... ನೀ ನೋಡು... ಆತ ಬಿಡ ಮಾರಾಯ್ತಿ...'

ನನಗೆ 'ನೋಡ್ರಿ, ಬರ್ರಿ.' ಅವಳಿಗೆ 'ನೀ.' ಮೆತ್ತಗಾಗಿದ್ದ ಎದೆ ಮತ್ತೆ ಕಲ್ಲಾಯಿತು. ಒಳಗೆ ಬಂದವನಿಗೆ ಹಂಪವ್ವ ಒಂದು ಲೋಟ ನೀರನ್ನೂ ಕೊಡಲಿಲ್ಲ. ಪಾಪ, ಅವನಿಗೆ ಯಾಕೆ ಅಂತ ತಿಳಿಯಲೂ ಇಲ್ಲ.

ಸ್ಕಾಲರ್‌ಶಿಪ್ ಅರ್ಜಿಗಳೆಲ್ಲ ಕೊನೇ ದಿನಕ್ಕೆ ಎರಡು ದಿನ ಮೊದಲೇ ಮುಗಿದವು. ಕಂಪ್ಯೂಟರ್ ಒಮ್ಮೆಯೂ ನಿಲ್ಲಲಿಲ್ಲ. ಅದೇ ಹಂಪವ್ವನ ಕಷ್ಟವಾಯಿತು. ಕೆಟ್ಟರಲ್ಲವೇ ಅವನು ಬರುವುದು?

ಒಂದು ದಿನ ತಾನೇ ಹಿಂದಿನ ತಗಡು ಬಿಚ್ಚಿ, ರ್‍ಯಾಮಿನ ಕಡ್ಡಿಯನ್ನು ಸಡಿಲ ಮಾಡಿ, ಪರದೆ ಬರುತ್ತಿಲ್ಲ ಅಂತ ಫೋನು ಹಚ್ಚಿದಳು. ದುರುಗೇಶ ಬಂದು ಒಳಗೆ ನೋಡಿ, ಸಡಿಲಾದ ಕಡ್ಡಿಯನ್ನು ಬೆರಳಿಂದ ಮುಟ್ಟಿದ.

"ಇದಕ್ಕ ಎರಡೂ ಕಡೆ ಕ್ಲಿಪ್ ಇರತೈತಿ. ತಾನಾಗಿ ಬಿಚ್ಚಂಗಿಲ್ಲ," ಅಂದ.

ಹಂಪವ್ವನ ಕಿವಿಯೆಲ್ಲ ಕೆಂಪಾಯಿತು. ಅವನು ರ್‍ಯಾಮನ್ನು ಕೂರಿಸಿ, ಕ್ಲಿಪ್ ಹಾಕಿ, ಅವಳ ಕಡೆ ನೋಡದೆಯೇ ಹೇಳಿದ. "ನನ್ನ ಕರೀಬೇಕಂದ್ರ ಸುಮ್ಮನ ಕರಿ. ಇದನ್ನ ಬಿಚ್ಚಬ್ಯಾಡ."

ಕರಿ ಅಂದ! ಕರೀರಿ ಅನ್ನಲಿಲ್ಲ! ಅವತ್ತು ಸಂಜೆ ಹನುಮಂತಮ್ಮ ಗದ್ದೆಯಿಂದ ಬಂದಾಗ ಮಗಳು ಒಬ್ಬಳೇ ನಗುತ್ತ ರೊಟ್ಟಿ ಬಡಿಯುತ್ತಿದ್ದಳು.

ಅದಾಗಿ ನಾಲ್ಕನೇ ದಿನ ಸೆಂಟರಿನ ಮುಂದೆ ಒಂದು ಆಟೋ ನಿಂತಿತು. ಇಳಿದವಳು ಶ್ವೇತಾ.

ತಾನು ಮುನಿರಾಬಾದಿನವಳು, ಡ್ಯಾಮಿನ ಕಾಲೊನಿಯವಳು ಅಂತ ಅವಳೇ ಪರಿಚಯ ಹೇಳಿಕೊಂಡಳು. ದುರುಗೇಶನ ಅಪ್ಪ ಮಾರೆಪ್ಪ ಮತ್ತು ತನ್ನ ಅಪ್ಪ ನೀರಾವರಿ ಇಲಾಖೆಯಲ್ಲಿ ಒಟ್ಟಿಗೆ ಇದ್ದವರು, ಎರಡೂ ಮನೆಗೆ ನಡುವೆ ಒಂದೇ ಗೋಡೆ, ತಾನೂ ಅವನೂ ಒಂದೇ ಅಂಗಳದಲ್ಲಿ ಬೆಳೆದವರು. ಈಗ ಕಾಲೊನಿಯಲ್ಲಿ ಕಂಪ್ಯೂಟರ್ ತರಬೇತಿ ಕೇಂದ್ರ ತೆಗೆಯುತ್ತಿದ್ದಾಳೆ, ಹತ್ತು ಕಂಪ್ಯೂಟರ್ ದುರುಗೇಶನೇ ಜೋಡಿಸಿ ಕೊಡಬೇಕು. ಅವನ ಕೈಯಿಂದ ಮಾಡಿಸಿಕೊಂಡವರನ್ನು ಒಂದು ಮಾತು ಕೇಳಿಹೋಗೋಣ ಅಂತ ಬಂದೆ ಅಂದಳು.

ಹಾಗೆ ಹೇಳುತ್ತಲೇ ಅವಳು ಹಂಪವ್ವನನ್ನು ಮೇಲಿಂದ ಕೆಳಗಿನತನಕ ನೋಡುತ್ತಿದ್ದಳು. ಸೀರೆಯನ್ನು, ಕೈಬಳೆಯನ್ನು, ಗೋಡೆಗೆ ತೂಗುಹಾಕಿದ್ದ ಡಿಗ್ರಿ ಫೋಟೋವನ್ನು.

"ದುರುಗ್ಯಾನ ಅವ್ವ, ಕಳಕಮ್ಮತ್ತಿ, ನನಗ ಸೊಸಿ ಅಂತನ ಕರೀತಾಳ ಮೊದಲಿಂದ," ಅಂದಳು ಶ್ವೇತಾ, ಯಾರೂ ಕೇಳದಿದ್ದರೂ. "ಮತ್ತ, ನಿಮ್ಮ ಬೋರ್ಡ್ ಹೆಂಗ ನಡದೈತ್ರಿ?"

ಸೊಸೆ...

ಹಾಗಾದರೆ 'ಸುಮ್ಮನ ಕರಿ' ಅಂದದ್ದು ಏನು? ಹಳ್ಳಿ ಹುಡುಗಿ ಅಂತ ಆಟ ಆಡಿದನೇ? ಹತ್ತು ಕಂಪ್ಯೂಟರು, ದುಬಾರಿ ಬೋರ್ಡುಗಳು, ಒಂದೇ ಅಂಗಳ, ಒಂದೇ ಗೋಡೆ, ನಾಳೆ ಒಂದೇ ಮನೆ. ನನಗೆ ಮಾತ್ರ ಕೆಳಗಿನ ಖಾನೆಯ ತೆಳ್ಳನೆ ಡಬ್ಬಿ.

ಬಾಯಿಂದ ಮಾತು ಹೊರಟೇ ಹೋಯಿತು.

"ಬೋರ್ಡ್ ಹೊಸದು ಅಂತ ಕೊಟ್ರು. ಡಬ್ಬಿ ಸೀಲ್ ಒಡೆದಿತ್ತು. ಹಳೇವನ್ನ ತೊಳದು ಹೊಸ ಡಬ್ಬ್ಯಾಗ ಹಾಕಿ ಮಾರ್ತಾರಂತ ಕೇಳೀನಿ. ನೀವು ಹುಷಾರಾಗಿರ್ರಿ."

ಸೀಲ್ ಯಾಕೆ ಒಡೆದಿತ್ತು ಅಂತ ಅವಳಿಗೆ ಗೊತ್ತಿತ್ತು. ಗೊತ್ತಿದ್ದೇ ಅಂದಳು.

ಶ್ವೇತಾ ಅವಳನ್ನು ಬಹಳ ಹೊತ್ತು ನೋಡಿದಳು. ಆಮೇಲೆ, ಹೇಳಿದ್ದು ಚಲೋ ಆತು ಅಂತಷ್ಟೇ ಅಂದು ಆಟೋ ಹತ್ತಿ ಹೋದಳು.

ಮೊದಲ ದಿನ ಹಂಪವ್ವನಿಗೆ ಸೇಡು ತೀರಿದಂತಾಯಿತು. ಎರಡನೇ ದಿನ ಊಟ ಸೇರಲಿಲ್ಲ. ಐದನೇ ದಿನ ದುರುಗೇಶನೇ ಫೋನು ಮಾಡಿದ.

ಶ್ವೇತಾ ಹತ್ತೂ ಕಂಪ್ಯೂಟರ್ ಬೇಡ ಅಂದು ಹೊಸಪೇಟೆಯ ಅಂಗಡಿಯೊಂದಕ್ಕೆ ಆ ಕೆಲಸ ಕೊಟ್ಟಿದ್ದಳು. ಯಾಕೆ ಅನ್ನುವ ಮಾತು ಹೊಸಪೇಟೆಯಿಂದ ಗಂಗಾವತಿಗೂ ಬಂದಿತ್ತು. ದುರುಗೇಶ ಹಳೇ ಬೋರ್ಡು ತೊಳೆದು ಮಾರುತ್ತಾನಂತೆ! ರಿಪೇರಿಗೆ ಇಟ್ಟಿದ್ದವರು ಬಂದು ತಮ್ಮ ಕಂಪ್ಯೂಟರು ವಾಪಸ್ ಒಯ್ಯುತ್ತಿದ್ದರು. ಅವನು ಅಳುತ್ತಿರಲಿಲ್ಲ. ಆದರೆ ದನಿ ಸೋತಿತ್ತು.

"ಯಾರೋ ಹೇಳ್ಯಾರಂತ. ಯಾರಂತ ಶ್ವೇತಾನೂ ಬಾಯಿ ಬಿಡವಲ್ಲಳು. ಯಾರು ನಂಬಿದ್ರ ನಂಬಲಿ, ನಾ ಎಂಥಾಂವ ಅಂತ ನಿನಗರ ಗೊತ್ತೈತಲ್ಲ ಹಂಪವ್ವ?"

ಹಂಪವ್ವ 'ಹೂಂ' ಅಂದಳು. ಫೋನಿಟ್ಟು, ಸೆಂಟರಿನ ಬಾಗಿಲು ಮುಚ್ಚಿಕೊಂಡು ಅತ್ತಳು. ಅವನು ಕಳಕೊಂಡದ್ದು ಹತ್ತು ಕಂಪ್ಯೂಟರಿನ ಕೆಲಸ ಮಾತ್ರ ಆಗಿರಲಿಲ್ಲ. ಅವನ ಹೆಸರು ಹೋಗಿತ್ತು. ತೆಗೆದವಳು ತಾನು.

ಮರುದಿನ ಬೆಳಿಗ್ಗೆ ಮುನಿರಾಬಾದಿನ ಬಸ್ಸು ಹತ್ತಿದಳು.

ಶ್ವೇತಾ ತರಬೇತಿ ಕೇಂದ್ರದ ಗೋಡೆಗೆ ಬಣ್ಣ ಹೊಡೆಸುತ್ತ ನಿಂತಿದ್ದಳು. ಹಂಪವ್ವ ನಿಂತಲ್ಲೇ ಎಲ್ಲ ಹೇಳಿದಳು. ತಾನು ಹೇಳಿದ್ದು ಸುಳ್ಳು, ಸೀಲ್ ಒಡೆದದ್ದು ಪರೀಕ್ಷೆ ಮಾಡಲಿಕ್ಕೆ, ಅದು ತನಗೆ ಮೊದಲೇ ಗೊತ್ತಿತ್ತು. ಬೈಗುಳಕ್ಕೆ ತಯಾರಾಗಿ ತಲೆ ತಗ್ಗಿಸಿದಳು.

ಬೈಗುಳ ಬರಲಿಲ್ಲ.

"ಸುಳ್ಳು ಅಂತ ನನಗ ಅವತ್ತ ಗೊತ್ತಾಗಿತ್ರಿ," ಅಂದಳು ಶ್ವೇತಾ. "ಹೇಳುವಾಗ ನನ್ನ ಮಾರಿ ನೋಡಲಿಲ್ಲ ನೀವು. ಆದ್ರ ನನಗ ಆ ಸುಳ್ಳು ಬೇಕಾಗಿತ್ತು."

ಹಂಪವ್ವ ತಲೆ ಎತ್ತಿದಳು.

"ನಾ ಬಂದಿದ್ದು ಬೋರ್ಡ್ ಕೇಳಾಕ ಅಲ್ಲ. ನಿಮ್ಮನ್ನ ನೋಡಾಕ. ಅದರ ಹಿಂದಿನ ದಿನ ನಾನ ಬಾಯಿಬಿಟ್ಟು ದುರುಗೇಶನ್ನ ಕೇಳಿದ್ದೆ, ಮದಿವಿ ಆಗೋಣೇನು ಅಂತ. ಇಲ್ಲ ಅಂದ. ಮರಳ್ಯಾಗ ಒಬ್ಬಾಕಿ ಅದಾಳ, ಇನ್ನೂ ಆಕಿಗೆ ಹೇಳಿಲ್ಲ ಅಂದ. ಅವನ್ನ ನೋಯಿಸಬೇಕು ಅನಿಸ್ತು ನನಗ. ನೀವು ದಾರಿ ಕೊಟ್ರಿ."

ಒಂದೇ ಉರಿಯಲ್ಲಿ ಸುಟ್ಟುಕೊಂಡ ಇಬ್ಬರು ಹೆಣ್ಣುಮಕ್ಕಳು. ಒಬ್ಬರನ್ನೊಬ್ಬರು ದ್ವೇಷಿಸುವ ಶಕ್ತಿಯೂ ಉಳಿದಿರಲಿಲ್ಲ. ಹೊಸಪೇಟೆಗೆ ಕೊಟ್ಟದ್ದನ್ನು ತಾನು ಹಿಂದೆ ತಗೊಳ್ಳಲಾರೆ, ಮುಂಗಡ ಹೋಗಿದೆ, ಆದರೆ ಮಾತು ಆಡಿದ ಕಡೆಯೆಲ್ಲ ಅದು ಸುಳ್ಳು ಅಂತ ಹೇಳಿಬರುತ್ತೇನೆ ಅಂದಳು ಶ್ವೇತಾ. ಹೊರಡುವಾಗ ಬಸ್ಸಿನತನಕ ಬಂದು ಬಿಟ್ಟಳು.

ಬಸ್ಸಿನ ಕಿಟಕಿಯಲ್ಲಿ ಹಂಪವ್ವನಿಗೆ ಒಂದೇ ಮಾತು ಕೇಳಿಸುತ್ತಿತ್ತು. ಮರಳ್ಯಾಗ ಒಬ್ಬಾಕಿ ಅದಾಳ... ಜೀವಮಾನದಲ್ಲಿ ಕೇಳಬಹುದಾದ ಅತಿ ಸಿಹಿ ಮಾತು. ಅದನ್ನು ಇಂಥ ದಿನ, ಇಂಥ ಪಾಪ ಮಾಡಿದ ಮೇಲೆ ಕೇಳಬೇಕಾಯಿತಲ್ಲ.

ಅವಳು ದುರುಗೇಶನ ಅಂಗಡಿ ಮುಟ್ಟಿದಾಗ ಅಲ್ಲಿ ಟಿಪ್ಪುಸಾಬ ನಿಂತಿದ್ದ. ಗಂಗಾವತಿಯಲ್ಲಿ ಲಗ್ನಪತ್ರಿಕೆ, ಬ್ಯಾನರು ಛಾಪಿಸುವವನು, ದುರುಗೇಶನ ಹಳೇ ಗಿರಾಕಿ. ತನಗೆ ಕೊಟ್ಟ ಬೋರ್ಡೂ ತೊಳೆದದ್ದೇನಪ್ಪಾ, ಖರೆ ಹೇಳು ಅಂತ ಕೇಳುತ್ತಿದ್ದ. ದುರುಗೇಶ ಬಿಲ್ಲು ಹುಡುಕಿ ತೋರಿಸುತ್ತಿದ್ದ.

ಟಿಪ್ಪುಸಾಬ ಹೋಗುವತನಕ ಕಾಯಬಹುದಿತ್ತು. ದುರುಗೇಶನೊಬ್ಬನಿಗೇ ಮೆಲ್ಲಗೆ ಹೇಳಬಹುದಿತ್ತು. ಹಂಪವ್ವ ಕಾಯಲಿಲ್ಲ.

"ಆ ಮಾತು ಹುಟ್ಟಿಸಿದಾಕಿ ನಾನ್ರಿ," ಅಂದಳು, ಗಟ್ಟಿಯಾಗಿ. "ನನ್ನ ಹೆಸರು ಹಂಪವ್ವ. ಮರಳ್ಯಾಗ ನನ್ನ ಸೆಂಟರ್ ಐತಿ. ಇವರು ಕೊಟ್ಟ ಬೋರ್ಡು ಹೊಚ್ಚ ಹೊಸದು. ನಾ ಹೇಳಿದ್ದು ಸುಳ್ಳು. ಯಾರು ಕೇಳಿದ್ರೂ ನನ್ನ ಹೆಸರು ಹೇಳ್ರಿ."

ಟಿಪ್ಪುಸಾಬ ಅವಳನ್ನೂ ದುರುಗೇಶನನ್ನೂ ನೋಡಿ, ಬಿಲ್ಲನ್ನು ಮೇಜಿನ ಮೇಲಿಟ್ಟು ಹೊರಟುಹೋದ.

ದುರುಗೇಶ ಕುರ್ಚಿಯಲ್ಲಿ ಕುಸಿದ.

"ಯಾಕ?"

"ಹೊಟ್ಟಿಕಿಚ್ಚು," ಅಂದಳು ಹಂಪವ್ವ. "ಮೊದಲನೇ ದಿನದಿಂದ. ಆಕಿ ನಿಮಗ ದುರುಗ್ಯಾ ಅಂದಾಗಿಂದ. ಆಕಿ ಸೊಸಿ ಅಂತ ಹೇಳಿದ ದಿನ ತಡಕೊಳ್ಳಾಕ ಆಗಲಿಲ್ಲ. ನಿಮ್ಮನ್ನ ಅಷ್ಟು ಹಚ್ಚಿಕೊಂಡಿದ್ದೆ. ಅದು ನನ್ನ ತಪ್ಪು ಮುಚ್ಚಂಗಿಲ್ಲ. ಗೊತ್ತೈತಿ."

ಅವನು ಅವಳ ಮುಖ ನೋಡಲಿಲ್ಲ. ಮೇಜಿನ ಮೇಲಿನ ಒಂದು ಸ್ಕ್ರೂ ಹಿಡಿದು ತಿರುಗಿಸುತ್ತ ಕೂತ.

"ಫೋನಿನ್ಯಾಗ ಕೇಳಿದ್ನಲ್ಲ ನಿನಗ. ಹೂಂ ಅಂದಿ," ಅಂದ. ಆಮೇಲೆ, "ಈಗ ಹೋಗು. ನನಗ ಮಾತಾಡಾಕ ಆಗವಲ್ದು."

ಹೋದಳು.

ಅವನಿಗೆ ಫೋನು ಮಾಡಲಿಲ್ಲ. ಮಾಡುವ ಹಕ್ಕು ತನಗಿಲ್ಲ ಅಂದುಕೊಂಡಳು. ಸೆಂಟರಿಗೆ ಬಂದವರಲ್ಲಿ ಯಾರಾದರೂ ಆ ಮಾತು ತೆಗೆದರೆ ಮಾತ್ರ, ಅದು ಸುಳ್ಳು, ನಾನೇ ಹುಟ್ಟಿಸಿದ್ದು ಅನ್ನುತ್ತಿದ್ದಳು. ಕೆಲವರು ನಕ್ಕರು. ಕೆಲವರು ಅವಳ ಹಿಂದೆ ಆಡಿಕೊಂಡರು. ಹನುಮಂತಮ್ಮನ ಕಿವಿಗೂ ಬಿತ್ತು. ಅವ್ವ ಒಂದು ದಿನ ಪೂರ್ತಿ ಮಾತು ಬಿಟ್ಟಳು. ಮರುದಿನ ಮಗಳ ತಲೆಗೆ ಎಣ್ಣೆ ಹಚ್ಚುತ್ತ, ಮಾಡಿದ್ದನ್ನ ಬಾಯಿಬಿಟ್ಟು ಹೇಳಿದ್ಯಲ್ಲ, ಅಷ್ಟಾದರೂ ಆತು ಅಂದಳು.

ದಿನಗಳು ಹೋದವು. ಹೊಟ್ಟೆಕಿಚ್ಚು ಮಾತ್ರ ಹೋಗಲಿಲ್ಲ. ಸಂಜೆ ಬಾಗಿಲು ಹಾಕುವಾಗ ಅನಿಸುತ್ತಿತ್ತು. ಈಗ ಆ ಅಂಗಡಿಯ ಕುರ್ಚಿಯಲ್ಲಿ ಯಾರು ಕೂತಿದ್ದಾರೋ. ಅವನು ಮನಸ್ಸು ಬದಲಿಸಿ ಮುನಿರಾಬಾದಿಗೆ ಹೋದನೋ ಏನೋ. ಹೋದರೆ ತನ್ನ ಬಳಿ ಕೇಳುವ ಬಾಯಿ ಎಲ್ಲಿದೆ?

ಹದಿನೇಳನೇ ದಿನ, ಮಧ್ಯಾಹ್ನ, ಸೆಂಟರಿನಲ್ಲಿ ಜನ ಇಲ್ಲದ ಹೊತ್ತಲ್ಲಿ ಬೈಕಿನ ಸದ್ದಾಯಿತು.

ದುರುಗೇಶ ಒಳಗೆ ಬಂದು ಬಾಗಿಲ ಹತ್ತಿರವೇ ನಿಂತ. ಸೊರಗಿದ್ದ. ಹಂಪವ್ವ ಎದ್ದು ನಿಂತಳು. ಕಂಪ್ಯೂಟರ್ ಚಲೋ ನಡದೈತಿ ಅಂದಳು. ತಾನು ಕಂಪ್ಯೂಟರ್ ನೋಡಲು ಬಂದಿಲ್ಲ ಅಂದ ಅವನು.

ಟಿಪ್ಪುಸಾಬ ಬಜಾರದಲ್ಲೆಲ್ಲ ಅವಳ ಮಾತನ್ನು ಹೇಳಿಕೊಂಡು ತಿರುಗಿದ್ದನಂತೆ. ಒಯ್ದವರಲ್ಲಿ ಅರ್ಧದಷ್ಟು ಜನ ತಿರುಗಿ ಬಂದಿದ್ದರಂತೆ. ಉಳಿದವರು ಬರಲಿಕ್ಕೆ ದಿನ ಹಿಡಿಯುತ್ತದೆ. ಶ್ವೇತಾ ಬಂದು ತಪ್ಪಾಯಿತು ಅಂದು ಹೋಗಿದ್ದಳು.

"ಸಿಟ್ಟು ಹೋತೇನು?" ಹಂಪವ್ವ ಮೆಲ್ಲಗೆ ಕೇಳಿದಳು.

"ಇಲ್ಲ. ಐತಿ," ಅಂದ. "ಆದ್ರ ಸಿಟ್ಟು ಮಾಡಾಕೂ ನೀ ಎದುರಿಗೆ ಇರಬೇಕು ಅನಿಸಾಕತ್ತೈತಿ. ಹದಿನಾರು ದಿನ ಒಬ್ಬನ ಸಿಟ್ಟು ಮಾಡಿ ಸಾಕಾಗೇತಿ."

ಹಂಪವ್ವನ ಕಣ್ಣು ತುಂಬಿದವು. ಒರೆಸಿಕೊಳ್ಳಲೂ ಮರೆತಳು.

ಅವನು ಹತ್ತಿರ ಬಂದ. "ಒಂದು ಮಾತು ಕೊಡು. ನನ್ನ ಮ್ಯಾಲೆ ಏನ ಅನುಮಾನ ಬಂದ್ರೂ ಮೊದಲು ನನ್ನ ಕೇಳು. ಬೈಯಿ, ಜಗಳಾಡು. ಮಂದೀಗೆ ಹೇಳಬ್ಯಾಡ."

"ಕೊಟ್ಟೆ."

"ಹಂಗಾದ್ರ ಬರೂ ಸೋಮವಾರ ಅವ್ವನ್ನ ಕರಕೊಂಡು ಬರ್ತೀನಿ. ನಿಮ್ಮವ್ವನ್ನ ಕೇಳಾಕ. ನೀ ಏನಂತಿ?"

ಹಂಪವ್ವ ಸೆರಗಿನ ತುದಿಯಿಂದ ಮುಖ ಒರೆಸಿಕೊಂಡು, ಅವನನ್ನೇ ನೋಡಿದಳು. ಕೇಳಬಾರದು ಅಂದುಕೊಂಡರೂ ಮಾತು ನಿಲ್ಲಲಿಲ್ಲ.

"ಮೊದಲು ಒಂದು ಕೇಳ್ಲಿ?"

"ಕೇಳು."

"ಶ್ವೇತಾ ಮದಿವಿ ಅಂದಾಗ... ಎಷ್ಟೊತ್ತು ವಿಚಾರ ಮಾಡಿ ಇಲ್ಲ ಅಂದಿ?"

ದುರುಗೇಶ ಹದಿನೇಳು ದಿನಗಳಲ್ಲಿ ಮೊದಲ ಸಲ ನಕ್ಕ. "ಇನ್ನೂ ಹೋಗಿಲ್ಲ ನಿನ್ನ ಹೊಟ್ಟಿಕಿಚ್ಚು."

"ಹೋಗಂಗಿಲ್ಲ. ಹೇಳು."

"ಆಕಿ ಕೇಳಿ ಮುಗಸೂದ್ರೊಳಗ," ಅಂದ ಅವನು.

"ಸೋಮವಾರ ಬ್ಯಾಡ," ಅಂದಳು ಹಂಪವ್ವ. "ನಾಳೆನ ಕರಕೊಂಡು ಬಾ."